ಕೈಗೆ ಸಿಕ್ಕ ಕಲ್ಲು ಯಾವುದು? ಪತ್ತೆ ಮಾಡುವುದು ಹೀಗೆ

ಕಲ್ಲನ್ನು ಗುರುತಿಸಲು ಹೊರಟವರು ಮೊದಲು ನೋಡುವುದು ಬಣ್ಣ. ಆದರೆ ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದೂ ಅದೇ. ಬೆಣಚುಕಲ್ಲು ಒಂದೇ ಬಿಳಿ, ಗುಲಾಬಿ, ನೇರಳೆ, ಹೊಗೆಬಣ್ಣ ಎಲ್ಲದರಲ್ಲೂ ಸಿಗುತ್ತದೆ. ಹಾಗಾಗಿ ಬಣ್ಣವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಸುತ್ತಿಗೆ, ದಪ್ಪ ಬಟ್ಟೆ, ಭೂತಗನ್ನಡಿ, ಹಳೆಯ ಉಕ್ಕಿನ ಚಾಕು, ಒಂದಿಷ್ಟು ವಿನೆಗರ್, ಕಣ್ಣಿಗೆ ರಕ್ಷಣೆಯ ಕನ್ನಡಕ ಇದ್ದರೆ ಸಾಕು.

ಮೊದಲು ಒಡೆಯಿರಿ. ಗಾಳಿ, ಮಳೆ, ಬಿಸಿಲಿಗೆ ಸಿಕ್ಕ ಕಲ್ಲಿನ ಹೊರಮೈ ಕೊಳೆತು ಬಣ್ಣಗೆಟ್ಟಿರುತ್ತದೆ. ಕಬ್ಬಿಣದ ಅಂಶವಿರುವ ಕಪ್ಪು ಕಲ್ಲು ಹೊರಗೆ ತುಕ್ಕಿನ ಬಣ್ಣಕ್ಕೆ ತಿರುಗುವುದು ಇದರಿಂದಲೇ. ಕಲ್ಲು ಮಣ್ಣಾಗುವ ಕೆಲಸ ಶುರುವಾಗುವುದೂ ಈ ಸಿಪ್ಪೆಯಲ್ಲೇ. ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ, ಕನ್ನಡಕ ಹಾಕಿಕೊಂಡು, ಅಂಚಿಗೆ ಏಟು ಕೊಡಿ. ಚೂರು ಸಿಡಿದು ಕಣ್ಣಿಗೆ ಬಿದ್ದೀತು, ಇದರಲ್ಲಿ ಉಡಾಫೆ ಬೇಡ.

ಈಗ ಒಡೆದ ಮೈಯನ್ನು ಭೂತಗನ್ನಡಿಯಲ್ಲಿ ನೋಡಿ. ನನ್ನ ಮಟ್ಟಿಗೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ಹರಳುಗಳು ಒಂದಕ್ಕೊಂದು ಹೆಣೆದುಕೊಂಡು ಬರಿಗಣ್ಣಿಗೇ ಕಾಣುವಷ್ಟು ದೊಡ್ಡದಾಗಿದ್ದರೆ ಅದು ಗ್ರಾನೈಟ್ ಜಾತಿಯ ಅಗ್ನಿಶಿಲೆ, ಅಂದರೆ ಕರಗಿದ ಕಲ್ಲು ಆರಿ ಗಟ್ಟಿಯಾದದ್ದು, ಇರಬಹುದು. ಬೆಳಕಿನಲ್ಲಿ ನಿಧಾನವಾಗಿ ತಿರುಗಿಸಿ. ಚಪ್ಪಟೆ ಮುಖ ಫಳಕ್ಕನೆ ಹೊಳೆದು ಮಾಯವಾಗುವ ಬಿಳಿ ಅಥವಾ ಗುಲಾಬಿ ಹರಳು ಫೆಲ್ಡ್‌ಸ್ಪಾರ್. ಚಪ್ಪಟೆ ಮುಖವೇ ಇಲ್ಲದೆ ಒಡೆದ ಗಾಜಿನಂತೆ ಬೂದುಬಣ್ಣದಲ್ಲಿ ಕಾಣುವುದು ಬೆಣಚು. ಸೂಜಿಮೊನೆ ತಾಗಿಸಿದರೆ ಹಾಳೆ ಹಾಳೆಯಾಗಿ ಏಳುವ ಕಪ್ಪು ಚೂರು ಅಭ್ರಕ. ಭೂಮಿಯೊಳಗೆ ಕಿಲೋಮೀಟರುಗಟ್ಟಲೆ ಆಳದಲ್ಲಿ ಶಿಲಾಪಾಕ (ಕರಗಿದ ಕಲ್ಲು) ಸಾವಿರಾರು, ಕೆಲವೊಮ್ಮೆ ಲಕ್ಷಾಂತರ ವರ್ಷ ನಿಧಾನವಾಗಿ ಆರಿದ್ದರಿಂದ ಹರಳುಗಳಿಗೆ ಬೆಳೆಯಲು ಸಮಯ ಸಿಕ್ಕಿದೆ. ಅದೇ ಲಾವಾ ನೆಲದ ಮೇಲೆ ಹರಿದು ಬೇಗ ಆರಿದರೆ ಹರಳು ಕಣ್ಣಿಗೇ ಕಾಣದಷ್ಟು ಸಣ್ಣದು: ಕಪ್ಪಗೆ, ಭಾರವಾಗಿ, ಕೆಲವೊಮ್ಮೆ ಅನಿಲದ ಗುಳ್ಳೆ ಬಿಟ್ಟ ತೂತುಗಳೊಂದಿಗೆ ಸಿಗುವ ಬಸಾಲ್ಟ್ ಅಂಥದ್ದು.

ಹೆಣೆದ ಹರಳಿನ ಬದಲು ಅಂಟಿಸಿದ ಮರಳಿನ ಕಣಗಳು ಕಂಡು, ಉಜ್ಜಿದರೆ ಉದುರಿದರೆ, ಅದು ಮರಳುಗಲ್ಲು.

ಮೂರನೆಯದು ಗೀರು. ಜರ್ಮನಿಯ ಫ್ರೆಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಗಡಸುತನದ ಮಾಪನ ಇವತ್ತಿಗೂ ಬಳಕೆಯಲ್ಲಿದೆ. ಅದರಲ್ಲಿ ಹೆಚ್ಚು ಅಂಕಿಯದು ಕಡಿಮೆ ಅಂಕಿಯದನ್ನು ಗೀರುತ್ತದೆ: ಉಗುರು ಸುಮಾರು 2.5, ಉಕ್ಕಿನ ಚಾಕು ಸುಮಾರು 5.5, ಬೆಣಚು 7. ಸುಣ್ಣದಕಲ್ಲಿನ ಮುಖ್ಯ ಖನಿಜ ಕ್ಯಾಲ್ಸೈಟ್ 3. ಚಾಕುವಿನಿಂದ ಗೀರಿದ ಮೇಲೆ ಬೆರಳಿನಿಂದ ಒರೆಸಿ ನೋಡಿ. ಗೆರೆ ಅಳಿಸಿಹೋದರೆ ಗೀರಾಗಿರುವುದು ಕಲ್ಲಿಗಲ್ಲ, ಚಾಕುವೇ ಸವೆದು ಬಣ್ಣ ಬಿಟ್ಟಿದೆ.

ಗೀರಿದಾಗ ಬಂದ ಪುಡಿಯ ಮೇಲೆ ಒಂದು ಹನಿ ವಿನೆಗರ್ ಹಾಕಿ. ಸಣ್ಣ ಗುಳ್ಳೆ ಎದ್ದರೆ ಅದು ಇಂಗಾಲದ ಡೈಆಕ್ಸೈಡ್. ಕಲ್ಲಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಇದೆ ಎಂದರ್ಥ. ವಿನೆಗರ್ ಸೌಮ್ಯ ಆಮ್ಲ, ಆದ್ದರಿಂದ ಕಿವಿಗೊಟ್ಟು, ಭೂತಗನ್ನಡಿ ಹಿಡಿದು ಕಾಯಬೇಕು. ನೋಡಲು ಒಂದೇ ಥರ ಇರುವ ಅಮೃತಶಿಲೆ ಮತ್ತು ಬಿಳಿ ಬೆಣಚುಕಲ್ಲಿನ ಜಗಳ ಇಲ್ಲಿ ತೀರುತ್ತದೆ: ಮೊದಲನೆಯದು ಗೀರಾಗುತ್ತದೆ, ನೊರೆಯುತ್ತದೆ, ಎರಡನೆಯದು ಎರಡೂ ಮಾಡುವುದಿಲ್ಲ.

ಪಟ್ಟೆ ಕಂಡ ಕೂಡಲೇ ಜಲಜಶಿಲೆ (ಕಣಗಳು ಪದರ ಪದರವಾಗಿ ಕೂಡಿ ಗಟ್ಟಿಯಾದ ಕಲ್ಲು) ಎಂದು ತೀರ್ಮಾನಿಸಬೇಡಿ. ಕಣಗಳ ಗಾತ್ರ ಪದರದಿಂದ ಪದರಕ್ಕೆ ಬದಲಾದರೆ ಅದು ನೀರು ಅಥವಾ ಗಾಳಿ ತಂದು ಹಾಸಿದ್ದು. ಹೆಣೆದ ಹರಳುಗಳೇ ಕಪ್ಪು ಬಿಳುಪಿನ ಪಟ್ಟೆಗಳಾಗಿ ಬೇರ್ಪಟ್ಟಿದ್ದರೆ ಅದು ನೈಸ್. ಆಳದ ಶಾಖ, ಒತ್ತಡದಲ್ಲಿ ಕರಗದೆಯೇ ರೂಪ ಬದಲಿಸಿಕೊಂಡ ಶಿಲೆ. ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಸರಿಯುವ ಭೂಫಲಕಗಳು (ಭೂಮಿಯ ಹೊರಪದರದ ಬೃಹತ್ ತುಂಡುಗಳು) ಒಂದಕ್ಕೊಂದು ಗುದ್ದುವಲ್ಲಿ ಇಂಥ ಒತ್ತಡ ಹುಟ್ಟುತ್ತದೆ.

ಕೊನೆಗೆ, ಕಲ್ಲಿಗೊಂದು ನಂಬರ್ ಅಂಟಿಸಿ, ಸಿಕ್ಕ ಜಾಗವನ್ನು ಪುಸ್ತಕದಲ್ಲಿ ಬರೆದಿಡಿ. ಬಂಡೆಯಿಂದ ಒಡೆದದ್ದೋ, ಹೊಳೆಪಾತ್ರದಲ್ಲಿ ಬಿದ್ದಿದ್ದೋ ಎಂಬುದನ್ನೂ ಸೇರಿಸಿ. ನುಣ್ಣಗೆ ಉರುಟಾದ ಕಲ್ಲು ಮೇಲ್ದಂಡೆಯಿಂದ ಉರುಳಿ ಬಂದಿರುತ್ತದೆ, ಸಿಕ್ಕಲ್ಲೇ ಹುಟ್ಟಿದ್ದಲ್ಲ. ಬಂಡೆಯದ್ದಾದರೂ ಆ ಜಾಗ ಮೊದಲಿನಿಂದ ಹಾಗೇ ಇತ್ತು ಎನ್ನುವಂತಿಲ್ಲ: ಎವರೆಸ್ಟ್ ಶಿಖರದ ತುದಿಯಲ್ಲಿರುವುದು 40 ಕೋಟಿ ವರ್ಷಗಳಿಗೂ ಹಿಂದೆ ಸಮುದ್ರದ ತಳದಲ್ಲಿ ಕೂಡಿದ ಸುಣ್ಣದಕಲ್ಲು. ಅದರಲ್ಲಿ ಕಡಲಜೀವಿಗಳ ಪಳೆಯುಳಿಕೆಗಳೂ ಇವೆ.