‘1804ರ ಬೆಂಗಳೂರು’ ಅಂತ ಫಾರ್ವರ್ಡ್ ಮಾಡೋ ಮುಂಚೆ ಚಿತ್ರದ ಬುಡ ನೋಡಿ

ಬೆಂಗಳೂರು ಕೋಟೆಯ ಒಂದು ಬಣ್ಣದ ಚಿತ್ರ ನಮ್ಮ ಇತಿಹಾಸದ ಗ್ರೂಪಿಗೆ ಎರಡು ತಿಂಗಳಿಗೊಮ್ಮೆ ಬಂದೇ ಬರತ್ತೆ, ಕೆಳಗೆ ‘1804ರಲ್ಲಿ ಬ್ರಿಟಿಷ್ ಕಲಾವಿದ ಹಂಟರ್ ಕಂಡ ಬೆಂಗಳೂರು’ ಅಂತ ಒಂದು ಸಾಲು. ಫಿರಂಗಿದಳದ ಲೆಫ್ಟಿನೆಂಟ್ ಜೇಮ್ಸ್ ಹಂಟರ್ ತೀರಿಕೊಂಡಿದ್ದೇ 1792ರಲ್ಲಿ! ಇಂಥ ಎಡವಟ್ಟು ಆಗದ ಹಾಗೆ ಆ ಕಾಲದಲ್ಲಿ ನಮ್ಮ ಕಡೆ ಚಿತ್ರ ಬರೆದ ಬ್ರಿಟಿಷ್ ಕಲಾವಿದರನ್ನ ಲೈಬ್ರರಿ, ಆರ್ಕೈವ್‌ಗಳಲ್ಲಿ ಹುಡುಕೋದು ಹೇಗೆ ಅಂತ ಹೇಳ್ತೀನಿ.

ಮೊದಲನೇದು, ಅಂಚು ಕತ್ತರಿಸದೇ ಇರೋ ಸ್ಕ್ಯಾನ್ ಹುಡುಕಿ. ಎಐ ಹಾಕಿ ‘ಕ್ಲಿಯರ್’ ಮಾಡಿರೋದು ಬೇಡವೇ ಬೇಡ, ಅದರಲ್ಲಿ ಅಕ್ಷರಗಳೆಲ್ಲ ಹುಳು ಹರಿದಂಗೆ ಆಗಿರತ್ತೆ. ಆನ್‌ಲೈನಲ್ಲಿ ಆಂಟಿಕ್ ಪ್ರಿಂಟ್ ಅಂತ ಫ್ರೇಮ್ ಹಾಕಿ ಮಾರ್ತಾರಲ್ಲ, ಅದರಲ್ಲಿ ಬುಡದ ಸಾಲು ಎಷ್ಟೋ ಸಲ ರಟ್ಟಿನ ಹಿಂದೆ ಹೋಗಿರತ್ತೆ, ದುಡ್ಡು ದಂಡ.

ಎರಡನೇದು, ಎಲ್ಲರೂ ಎಡವೋದು ಇಲ್ಲೇ. ಚಿತ್ರದ ಕೆಳಗೆ ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರ ಇರತ್ತೆ, ಜೂಮ್ ಮಾಡಿ. ಸಾಮಾನ್ಯವಾಗಿ ಎಡಗಡೆ ಒಂದು ಹೆಸರು, ಪಕ್ಕದಲ್ಲಿ ‘ಪಿಂಕ್ಸ್’ (pinx) ಅಥವಾ ‘ಡೆಲ್’ (del) ಅಂತಿದ್ರೆ ಮೂಲ ಚಿತ್ರ ಬರೆದವನು ಅವನು. ಬಲಗಡೆ ‘ಸ್ಕಲ್ಪ್’ (sculp) ಅಂತಿರೋ ಹೆಸರು ತಾಮ್ರದ ತಗಡಿನ ಮೇಲೆ ಅದನ್ನ ಕೊರೆದವನದು. ಇವೆಲ್ಲ ಲ್ಯಾಟಿನ್ನಿನ ಮೊಟಕು ರೂಪ. ಬಲಗಡೆ ಹೆಸರು ಹಿಡಕೊಂಡು ವಾರಗಟ್ಟಲೆ ಹುಡುಕಿದವರನ್ನ ನೋಡಿದೀನಿ, ಆ ಮನುಷ್ಯ ಇಂಡಿಯಾಗೆ ಕಾಲೇ ಇಟ್ಟಿರಲ್ಲ. ಮಧ್ಯದಲ್ಲಿ ಪ್ರಕಾಶಕನ ಹೆಸರು, ವಿಳಾಸ, ತಾರೀಖು ಇರತ್ತೆ. ಇಂಗ್ಲೆಂಡಲ್ಲಿ 1735ರ ಕಾಯಿದೆ ಪ್ರಕಾರ ಕಾಪಿರೈಟ್ ಬೇಕಂದ್ರೆ ಪ್ರಕಟಣೆಯ ದಿನ ಪ್ರಿಂಟ್ ಮೇಲೇ ಹಾಕಬೇಕಿತ್ತು, ಅದಕ್ಕೇ ಅದು ಅಲ್ಲಿರೋದು, ಚಿತ್ರ ಬರೆದ ದಿನಕ್ಕೂ ಅದಕ್ಕೂ ಸಂಬಂಧ ಇಲ್ಲ. ಹಂಟರ್ ಕಾರ್ನ್‌ವಾಲಿಸ್ ಸೈನ್ಯದ ಜೊತೆ ಬಂದು ಬರೆದ, ಸತ್ತ, ಆಮೇಲೆ ಹನ್ನೆರಡು ವರ್ಷ ಬಿಟ್ಟು ಲಂಡನ್ನಿನ ಎಡ್ವರ್ಡ್ ಓರ್ಮ್ ಅಚ್ಚು ಹಾಕಿದ. ಅಂದ್ರೆ ಆ ಕೋಟೆ ಟಿಪ್ಪು ಇನ್ನೂ ಬದುಕಿದ್ದ ಕಾಲದ್ದು, 1804 ಅಂದುಕೊಂಡ್ರೆ ಟಿಪ್ಪು ಸತ್ತು ಐದು ವರ್ಷ ಆಗಿರತ್ತೆ, ಕಥೆಯೇ ಬೇರೆ ಆಗೋಯ್ತಲ್ಲ! ಆಕಾಶದ ಬಣ್ಣ ನೋಡಿ ಮಳೆಗಾಲ ಅಂತೆಲ್ಲ ವಾದ ಮಾಡಬೇಡಿ, ಬಣ್ಣ ಆಮೇಲೆ ಕೈಯಲ್ಲಿ ಬಳಿದಿದ್ದು.

ಮೂರನೇದು ಸುಲಭ, ಹಳೇ ಸ್ಪೆಲಿಂಗ್ ಹಾಕಿ ಹುಡುಕಿ. ಸಾವನದುರ್ಗ ಅಂದ್ರೆ ಏನೂ ಸಿಗಲ್ಲ, ‘ಸಾವೆಂಡ್ರೂಗ್’ (Savendroog) ಅಂದ್ರೆ ಸಿಗತ್ತೆ, ಶ್ರೀರಂಗಪಟ್ಟಣ ‘ಸೆರಿಂಗಪಟಂ’ (Seringapatam).

ನಾಲ್ಕನೇದು, ಸರಿಯಾದ ಬಾಗಿಲು ತಟ್ಟಿ. ಬ್ರಿಟಿಷ್ ಕಲೆ ಅಂದ ಕೂಡ್ಲೇ ಲಂಡನ್ನಿನ ಟೇಟ್ ಕಲಾ ಮ್ಯೂಸಿಯಮ್ಮಿನ ಆರ್ಕೈವ್‌ಗೆ ಬರೀತಾರೆ, ಅವರದು ಮುಖ್ಯವಾಗಿ 1900ರಿಂದ ಈಚಿನ ಕಾಗದಪತ್ರ. ನಮ್ಮ ಕಡೆಯ ಚಿತ್ರಗಳಿಗೆ ಬ್ರಿಟಿಷ್ ಲೈಬ್ರರಿಯಲ್ಲಿರೋ ಇಂಡಿಯಾ ಆಫೀಸ್ (ಹಿಂದೆ ಲಂಡನ್ನಿಂದ ಇಂಡಿಯಾದ ಆಡಳಿತ ನೋಡ್ತಿದ್ದ ಇಲಾಖೆ) ಸಂಗ್ರಹವೇ ಮೊದಲು. ರಾಬರ್ಟ್ ಹೋಮ್ ಬರೆದ, ಬೆಂಗಳೂರು ಪೇಟೆ ಬಾಗಿಲಲ್ಲಿ ಕರ್ನಲ್ ಮೂರ್‌ಹೌಸ್ ಸಾಯೋ ಚಿತ್ರ ಬೇಕಾ? ಅದು ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಮ್ಮಲ್ಲಿ. ಕಲಾವಿದ ಲಂಡನ್ನಿನ ಕಲಾ ಸಂಸ್ಥೆ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶನ ಮಾಡಿದ್ನಾ ನೋಡೋಕೆ ಆಲ್ಜರ್ನನ್ ಗ್ರೇವ್ಸ್‌ನ ಎಂಟು ಸಂಪುಟದ ಪಟ್ಟಿ ಇದೆ, 1769ರಿಂದ 1904ರವರೆಗೆ. ಆದ್ರೆ ನನ್ನ ಕೇಳಿದ್ರೆ ಎಲ್ಲಕ್ಕೂ ಮುಂಚೆ ಮಿಲ್ಡ್ರೆಡ್ ಆರ್ಚರ್ 1969ರಲ್ಲಿ ಮಾಡಿದ ಇಂಡಿಯಾ ಆಫೀಸ್ ಡ್ರಾಯಿಂಗ್‌ಗಳ ಎರಡು ಸಂಪುಟ ತೆಗೀರಿ, ಗೂಗಲ್ ಆಮೇಲೆ. 2023ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಲೈಬ್ರರಿ ಮೇಲೆ ಸೈಬರ್ ದಾಳಿ ಆದಮೇಲಂತೂ ಬ್ಲಾಗ್‌ಗಳಲ್ಲಿರೋ ಹಳೇ ಲಿಂಕ್ ನಂಬಿಕೊಂಡು ಕೂರಬೇಡಿ.

ಐದನೇದು, ಚಿತ್ರ ಸಿಕ್ಕ ತಕ್ಷಣ ಶೆಲ್ಫ್‌ಮಾರ್ಕ್, ಅಂದ್ರೆ ಲೈಬ್ರರಿ ಅದಕ್ಕೆ ಕೊಟ್ಟಿರೋ ನಂಬರ್, ಬರಕೊಳ್ಳಿ, ‘ಡಬ್ಲ್ಯೂಡಿ’ ಅಂತ ಶುರುವಾದ್ರೆ ಡ್ರಾಯಿಂಗ್, ಬರೀ ‘ಪಿ’ ಇದ್ರೆ ಪ್ರಿಂಟ್. ನಾನು ಒಂದ್ಸಲ ನಲವತ್ತು ಫೋಟೋ ಇಳಿಸಿಕೊಂಡು ಒಂದಕ್ಕೂ ನಂಬರ್ ಬರಕೊಳ್ಳದೆ, ಮತ್ತೆ ಮೊದಲಿಂದ ಹುಡುಕಿದೀನಿ. ಲೈಬ್ರರಿಗೆ ಮೇಲ್ ಹಾಕೋದಾದ್ರೆ ಸಬ್ಜೆಕ್ಟ್ ಲೈನಲ್ಲೇ ಆ ನಂಬರ್ ಇರಲಿ, ಒಂದು ಮೇಲಿಗೆ ಒಂದೇ ಪ್ರಶ್ನೆ. ಖುದ್ದಾಗಿ ಹೋಗೋ ಯೋಗ ಇದ್ರೆ ಪೆನ್ಸಿಲ್ ತಗೊಂಡು ಹೋಗಿ, ಪೆನ್ ಒಳಗೆ ಬಿಡಲ್ಲ.