ಸಹಾಯಕ ನಾಯಿ ಜೊತೆಗಿದ್ದರೆ: ಮಲೆನಾಡಿನಲ್ಲಿ ಕಾಗದ, ಬಸ್ಸು, ದೂರು

ಕಣ್ಣು ಕಾಣದವರಿಗೆ ದಾರಿ ತೋರಿಸುವ, ಕಿವಿ ಕೇಳದವರಿಗೆ ಸದ್ದು ತಿಳಿಸುವ ನಾಯಿಗಳಿಗೆಂದೇ ನಮ್ಮ ದೇಶದಲ್ಲಿ ಪ್ರತ್ಯೇಕ ಕಾನೂನಿಲ್ಲ. ಅಮೆರಿಕದ 1990ರ ವಿಕಲಚೇತನರ ಕಾಯ್ದೆ ಓದಿಕೊಂಡು ಶಿವಮೊಗ್ಗ ಬಸ್‌ಸ್ಟ್ಯಾಂಡಿನಲ್ಲಿ ವಾದಕ್ಕೆ ನಿಂತರೆ ಬಸ್ಸು ತಪ್ಪುತ್ತದೆ, ಅಷ್ಟೇ. ಇಲ್ಲಿ ಹಕ್ಕು ಇರುವುದು ನಾಯಿಯನ್ನು ನೆಚ್ಚಿಕೊಂಡ ವ್ಯಕ್ತಿಗೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 3ನೇ ಕಲಮಿನಲ್ಲಿ ತಾರತಮ್ಯವನ್ನು ನಿಷೇಧಿಸುತ್ತದೆ. ನ್ಯಾಯವಾದ ಹೊಂದಾಣಿಕೆ ಮಾಡಿಕೊಡದಿದ್ದರೆ ಅದೂ ತಾರತಮ್ಯವೇ. ಆದ್ದರಿಂದ ಎಲ್ಲೇ ಹೋದರೂ ಮಾತು ಹೀಗಿರಲಿ: "ನನಗೆ ಕಣ್ಣು ಕಾಣುವುದಿಲ್ಲ, ಈ ನಾಯಿ ಇಲ್ಲದೆ ಓಡಾಡಲು ಆಗುವುದಿಲ್ಲ, ಇಗೋ ಕಾರ್ಡು."

ಆ ಕಾರ್ಡು ಯುಡಿಐಡಿ, ಅಂದರೆ ವಿಕಲಚೇತನರಿಗೆ ಸರ್ಕಾರ ಕೊಡುವ ವಿಶಿಷ್ಟ ಗುರುತಿನ ಚೀಟಿ. ಆನ್‌ಲೈನಿನಲ್ಲಿ ಅರ್ಜಿ ಹಾಕಿ, ವೈದ್ಯಕೀಯ ತಪಾಸಣೆಗೆ ಹಾಜರಾಗಬೇಕು. ಅರ್ಜಿ ತುಂಬಲು ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅಥವಾ ತಾಲ್ಲೂಕು ಪಂಚಾಯಿತಿಯ ಎಂಆರ್‌ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ನೆರವಾಗುತ್ತಾರೆ. ಜೊತೆಗೆ ವೈದ್ಯರಿಂದ ಒಂದು ಪತ್ರ ಬೇಕು. "ನಾಯಿ ಇದ್ದರೆ ಒಳ್ಳೆಯದು" ಎಂಬ ಪತ್ರ ಪ್ರಯೋಜನಕ್ಕೆ ಬಾರದು. ನಿಮ್ಮ ತೊಂದರೆ ಏನು, ಅದಕ್ಕೆ ನಾಯಿ ಯಾವ ಕೆಲಸ ಮಾಡುತ್ತದೆ ಎಂದು ಸ್ಪಷ್ಟವಾಗಿ ಬರೆಸಿ. ತರಬೇತಿ ಕೊಟ್ಟವರ ಪತ್ರ, ರೇಬೀಸ್ ಲಸಿಕೆಯ ಪುಸ್ತಕ ಇವೂ ಇರಲಿ. ಎಲ್ಲದರ ಎರಡೆರಡು ಜೆರಾಕ್ಸ್ ಮಾಡಿಸಿ ಪ್ಲಾಸ್ಟಿಕ್ ಕವರಿನಲ್ಲಿ ಇಡಿ. ಜುಲೈ ತಿಂಗಳಲ್ಲಿ ಬ್ಯಾಗಿನೊಳಗಿನ ಕಾಗದವೂ ಮೆತ್ತಗಾಗುತ್ತದೆ. ಆನ್‌ಲೈನಿನಲ್ಲಿ ಮಾರುವ "ಸರ್ವಿಸ್ ಡಾಗ್ ಸರ್ಟಿಫಿಕೇಟ್" ಕೊಳ್ಳಬೇಡಿ. ಸರ್ಕಾರದಲ್ಲಿ ಅಂಥ ನೋಂದಣಿಯೇ ಇಲ್ಲ.

ನಾಯಿ ಹೊರಗೆ ಬರಲು ತಯಾರಾಗಿದೆಯೇ ಎಂಬುದನ್ನೂ ಮುಲಾಜಿಲ್ಲದೆ ನೋಡಿಕೊಳ್ಳಿ. ಬೀದಿನಾಯಿಗಳು ಮೇಲೆ ಬಿದ್ದು ಬೊಗಳಿದರೂ ಹೆಜ್ಜೆ ತಪ್ಪಬಾರದು, ಹೋಟೆಲಿನಲ್ಲಿ ಕೆಳಗೆ ಬಿದ್ದ ದೋಸೆ ಚೂರಿಗೆ ಮೂತಿ ಹಾಕಬಾರದು. ಬೊಗಳುವ, ಎಗರುವ ನಾಯಿಯನ್ನು ಹೊರಗೆ ಕಳಿಸಿದರೆ ಯಾವ ಕಾಯ್ದೆಯೂ ಕೈಹಿಡಿಯುವುದಿಲ್ಲ.

ಕೆಎಸ್‌ಆರ್‌ಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ನಾಯಿಗೆ ಟಿಕೆಟ್ ಮಾಡಿಸಿ ಕರೆದೊಯ್ಯಬಹುದು. ರಾಜಹಂಸ, ಎಸಿ ಬಸ್ಸುಗಳಲ್ಲಿ ಸಾಕುಪ್ರಾಣಿ ಬೇಡವೆನ್ನುತ್ತಾರೆ. ಅಲ್ಲಿಗೆ ಡಿಪೊ ಮ್ಯಾನೇಜರಿಗೆ ಮೊದಲೇ ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡಿರಿ. ತೀರ್ಥಹಳ್ಳಿ, ಸಾಗರದ ಕಡೆ ಖಾಸಗಿ ಬಸ್ಸುಗಳೇ ಹೆಚ್ಚು, ಅಲ್ಲಿ ಎಲ್ಲವೂ ಕಂಡಕ್ಟರ್ ಮರ್ಜಿ. ಬಸ್ಸು ಹೊರಡುವ ನಿಲ್ದಾಣದಲ್ಲೇ ಹತ್ತಿ, ಜನ ತುಂಬುವ ಮೊದಲು ನಾಯಿಯನ್ನು ಸೀಟಿನ ಕೆಳಗೆ ಹಿಮ್ಮುಖವಾಗಿ ತಳ್ಳಿ ಮಲಗಿಸಿ. ಬಾಲ ಕಿಟಕಿಯ ಕಡೆಗೆ ಮಡಚಿರಬೇಕು. ಓಡಾಡುವ ಜಾಗಕ್ಕೆ ಚಾಚಿದ ಬಾಲವನ್ನು ಯಾರಾದರೂ ತುಳಿದೇ ತುಳಿಯುತ್ತಾರೆ, ಆಮೇಲೆ ಆ ನಾಯಿಯನ್ನು ಬಸ್ಸು ಹತ್ತಿಸುವುದೇ ಕಷ್ಟ. ಆಗುಂಬೆ ಘಾಟಿ ಇಳಿಯುವುದಾದರೆ ಮೂರು ನಾಲ್ಕು ಗಂಟೆ ಮೊದಲೇ ಊಟ ನಿಲ್ಲಿಸಿ. ತಿರುವುಗಳಲ್ಲಿ ವಾಂತಿ ಮಾಡಿದರೆ ಕಂಡಕ್ಟರಿಗೆ ನೆಪ ಸಿಕ್ಕಿದಂತೆ.

ರೈಲಿನಲ್ಲಿ ಫಸ್ಟ್ ಎಸಿಯ ಕೂಪೆ ಪೂರ್ತಿ ಕಾದಿರಿಸಿದರೆ ನಾಯಿ ಜೊತೆಗಿರಬಹುದು. ಇಲ್ಲದಿದ್ದರೆ ಗಾರ್ಡ್ ವ್ಯಾನಿನ ಪೆಟ್ಟಿಗೆ, ದಾರಿ ತೋರಿಸಬೇಕಾದ ನಾಯಿಯನ್ನು ಅಲ್ಲಿ ಕೂಡಿಹಾಕಿ ಏನು ಫಲ? ಸೋಗಾನೆಯ ಶಿವಮೊಗ್ಗ ವಿಮಾನ ನಿಲ್ದಾಣದಿಂದ ವಿಮಾನ ಹತ್ತುವವರು ಟಿಕೆಟ್ ಮಾಡುವಾಗಲೇ ತಿಳಿಸಿ, 48 ಗಂಟೆ ಮೊದಲು ಫೋನಿನಲ್ಲಿ ಮತ್ತೆ ಖಚಿತಪಡಿಸಿಕೊಳ್ಳಿ.

ಆಸ್ಪತ್ರೆಯಲ್ಲಿ ಹೊರರೋಗಿ ವಿಭಾಗದವರೆಗೆ ಕೇಳುವುದು ನ್ಯಾಯ. ಐಸಿಯು, ಆಪರೇಷನ್ ಥಿಯೇಟರಿಗೆ ಹಟ ಮಾಡಬೇಡಿ. ದೇವಸ್ಥಾನಗಳಲ್ಲಿ ಹೊರ ಅಂಗಳದಲ್ಲಿ ನಾಯಿಯನ್ನು ಹಿಡಿದುಕೊಳ್ಳಲು ಒಬ್ಬರನ್ನು ಕರೆದೊಯ್ಯುವುದೇ ಸಲೀಸು.

ಮಲೆನಾಡಿನದೇ ಆದ ತಾಪತ್ರಯ ಉಣುಗು (ಉಣ್ಣೆ) ಮತ್ತು ಉಂಬಳ (ಜಿಗಣೆ). ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಸೊರಬದ ಕ್ಯಾಸನೂರು ಕಾಡಿನಲ್ಲಿ; ಅದನ್ನು ಹರಡುವುದು ಉಣುಗು. ಡಿಸೆಂಬರಿನಿಂದ ಮೇವರೆಗೆ ಕಾಡಂಚಿನ ದಾರಿ ಬಿಟ್ಟು ಡಾಂಬರು ರಸ್ತೆ ಹಿಡಿಯಿರಿ. ಮನೆಗೆ ಬಂದ ಕೂಡಲೇ ಕಿವಿಯ ಒಳಮಡಿಕೆ, ಬೆರಳ ಸಂದು, ಮುಂಗಾಲಿನ ಕಂಕುಳು, ಬೆಲ್ಟಿನ ಅಡಿ, ಬಾಲದ ಬುಡ, ಇಷ್ಟನ್ನೂ ಬೆರಳಲ್ಲಿ ತಡವಿ. ಉಣುಗು ಸಿಕ್ಕರೆ ಚಿಮಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ, ಉಗುರಲ್ಲಿ ಚಿವುಟುವುದಂತೂ ಬೇಡವೇ ಬೇಡ. ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಮನುಷ್ಯರಿಗೆ. ನಾಯಿ ಮೈ ನೆಕ್ಕುತ್ತದೆ, ಅದಕ್ಕೆ ಹಚ್ಚಬೇಡಿ. ನಾಯಿಯ ಔಷಧವನ್ನು ಪಶುವೈದ್ಯರಿಂದ ಬರೆಸಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಇಲಿಜ್ವರದ ಲಸಿಕೆಯನ್ನೂ ಮಳೆಗಾಲಕ್ಕೆ ಮೊದಲೇ ಹಾಕಿಸಿ. ಮೂಗಿನೊಳಗೆ ಉಂಬಳ ಹೊಕ್ಕರೆ ಉಪ್ಪು ತುಂಬಲು ಹೋಗದೆ ಆ ಪಶುವೈದ್ಯಕೀಯ ಕಾಲೇಜಿಗೇ ಒಯ್ಯಿರಿ. ಚರ್ಮದ ಪಟ್ಟಿ ಮಳೆಗಾಲದಲ್ಲಿ ಬೂಷ್ಟು ಹಿಡಿದು ಕಂಕುಳಲ್ಲಿ ಹುಣ್ಣಾಗಿಸುತ್ತದೆ. ನೈಲಾನ್ ಪಟ್ಟಿ ಎರಡಿರಲಿ, ಒಂದು ಒಣಗುತ್ತಿರುವಾಗ ಇನ್ನೊಂದು.

ಇಷ್ಟಾದರೂ ಬಸ್ಸಿಗೆ ಹತ್ತಿಸಿಕೊಳ್ಳದಿದ್ದರೆ ಜಗಳ ಬೇಡ. ಬಸ್ಸಿನ ನಂಬರು, ಮಾರ್ಗ, ಸಮಯ, ಹೇಳಿದ ಮಾತು, ಪಕ್ಕದಲ್ಲಿದ್ದವರ ಫೋನ್ ನಂಬರು ಇವನ್ನು ಅಲ್ಲೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮೊದಲ ದೂರು ಡಿಪೊ ಮ್ಯಾನೇಜರಿಗೆ, ಖಾಸಗಿ ಬಸ್ಸಾದರೆ ಆರ್‌ಟಿಒಗೆ. ಪ್ರತಿಯನ್ನು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗೆ ಕಳಿಸಿ. ಅಲ್ಲಿ ಆಗದಿದ್ದರೆ ವಿಕಲಚೇತನರ ರಾಜ್ಯ ಆಯುಕ್ತರಿಗೆ ಬರೆಯಿರಿ. ಅವರು ಶಿಫಾರಸು ಮಾಡಿದರೆ ಸಂಬಂಧಪಟ್ಟ ಪ್ರಾಧಿಕಾರ ಮೂರು ತಿಂಗಳೊಳಗೆ ಏನು ಕ್ರಮ ಕೈಗೊಂಡೆವೆಂದು ತಿಳಿಸಬೇಕು. ಕಾಯ್ದೆಯ 89ನೇ ಕಲಮಿನಡಿ ಮೊದಲ ಉಲ್ಲಂಘನೆಗೆ 10,000 ರೂಪಾಯಿವರೆಗೆ, ಮತ್ತೆ ಮಾಡಿದರೆ 50,000ದಿಂದ 5 ಲಕ್ಷದವರೆಗೆ ದಂಡ. ನಾಲ್ಕು ಜನರೆದುರು ಬೇಕೆಂದೇ ಅವಮಾನಿಸಿದ್ದರೆ 92ನೇ ಕಲಂ ಇದೆ, ಅದು ಜೈಲಿನ ಮಾತು. ವಕೀಲರು ಬೇಕೆನಿಸಿದರೆ ಶಿವಮೊಗ್ಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಯುಡಿಐಡಿ ಕಾರ್ಡಿನ ಪ್ರತಿಯೊಂದಿಗೆ ಹೋಗಿ. ವಿಕಲಚೇತನರಿಗೆ ಅಲ್ಲಿ ಆದಾಯದ ಮಿತಿಯಿಲ್ಲದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.