ಏಜೆಂಟ್ ಓದುವ ದಾಖಲೆ: ಟೆಲಿಗ್ರಾಂ ಬಾಟ್ ಟೂಲ್‌ಗೆ ಆರೇ ಸಾಲು

ಆರು ಸಾಲಿನ ವಿವರಣೆ ನಂಬಿ ಏಜೆಂಟ್ (ಭಾಷಾ ಮಾಡೆಲ್ ಬಳಸಿ ತಾನೇ ಕೆಲಸ ಮಾಡುವ ಎಐ ಪ್ರೋಗ್ರಾಂ) ಕೈಗೆ ಟೆಲಿಗ್ರಾಂ ಬಾಟ್ (ಪ್ರೋಗ್ರಾಂ ನಡೆಸುವ ಟೆಲಿಗ್ರಾಂ ಖಾತೆ) ಕೊಡುತ್ತೇನೆ ಎಂದಾಗ ಜೊತೆಗಾರರು ನಕ್ಕಿದ್ದರು. ಈಗ ಅದೇ ಆರು ಸಾಲು ತಕರಾರಿಲ್ಲದೆ ಓಡುತ್ತಿದೆ.

ಮೊದಲ ಯತ್ನ ಎಲ್ಲರೂ ಮಾಡುವಂಥದ್ದೇ. ಬಾಟ್ ಎಪಿಐನಿಂದ (ಬಾಟ್ ನಡೆಸಲು ಟೆಲಿಗ್ರಾಂ ಕೊಡುವ ಆದೇಶಗಳ ಪಟ್ಟಿ) ಹದಿನೈದಿಪ್ಪತ್ತು ಮೆಥಡ್ ಎತ್ತಿ, ಒಂದೊಂದಕ್ಕೂ ಒಂದೊಂದು ಟೂಲ್ (ಏಜೆಂಟ್ ಕರೆಯಬಹುದಾದ ಕೆಲಸ) ಮಾಡಿ, ಎಲ್ಲ ಪ್ಯಾರಾಮೀಟರ್ ತುಂಬಿದ್ದೆ. ಅಂದಾಜು 9,000 ಟೋಕನ್ (ಮಾಡೆಲ್ ಪಠ್ಯವನ್ನು ಎಣಿಸುವ ತುಣುಕು). ಟೂಲ್ ವಿವರಣೆ ಪ್ರತಿ ಸುತ್ತಿನಲ್ಲೂ ಮಾಡೆಲ್‌ಗೆ ಮತ್ತೆ ಹೋಗುತ್ತದೆ. ಹತ್ತು ಸುತ್ತಿನ ಕೆಲಸಕ್ಕೆ 90,000 ಟೋಕನ್ ಬರೀ ದಾಖಲೆಗೇ ಸುರಿದಂತಾಯಿತು. ಕ್ಯಾಶಿಂಗ್ (ಒಮ್ಮೆ ಓದಿದ್ದನ್ನು ಉಳಿಸಿ ಮರುಬಳಸುವುದು) ಹಾಕಿದರೆ ಬಿಲ್ಲು ಇಳಿಯುತ್ತದೆ, ತಪ್ಪು ಇಳಿಯುವುದಿಲ್ಲ.

ತಪ್ಪುಗಳಲ್ಲಿ ದುಬಾರಿಯದು ಮಾರ್ಕ್‌ಡೌನ್ ವಿ2, ಅಕ್ಷರ ದಪ್ಪ, ಓರೆ ಮಾಡಲು ಟೆಲಿಗ್ರಾಂ ಒಪ್ಪುವ ಒಂದು ಬರಹ ಕ್ರಮ. ಅದರಲ್ಲಿ ಚುಕ್ಕೆ, ಅಡ್ಡಗೆರೆ, ಆವರಣ, ಆಶ್ಚರ್ಯಸೂಚಕ ಎಲ್ಲಕ್ಕೂ ಮೊದಲು ಬ್ಯಾಕ್‌ಸ್ಲ್ಯಾಶ್ ಬೇಕು. ಏಜೆಂಟ್ ಒಂದು ಚುಕ್ಕೆ ಮರೆಯುತ್ತದೆ, 400 (ಕೋರಿಕೆ ತಪ್ಪಾಗಿದೆ ಎಂಬ ದೋಷಸಂಖ್ಯೆ) ಬರುತ್ತದೆ, ಒಂದನ್ನು ತಿದ್ದಿ ಮತ್ತೆ ಕಳಿಸುತ್ತದೆ, ಇನ್ನೊಂದು ಚುಕ್ಕೆಗೆ ಮತ್ತೆ 400. ಒಂದು ಸಂದೇಶಕ್ಕೆ ಏಳೆಂಟು ಸುತ್ತು ಹೋದದ್ದೂ ಉಂಟು. ನಿಯಮವನ್ನು ಎಷ್ಟು ವಿವರವಾಗಿ ಬರೆದರೂ ಇದು ನಿಲ್ಲಲಿಲ್ಲ. ಬರಹ ಕ್ರಮ ಆರಿಸುವ ಪಾರ್ಸ್ ಮೋಡನ್ನೇ ಟೂಲ್‌ನಿಂದ ಕಿತ್ತೆಸೆದ ಮೇಲೆ ನಿಂತಿತು. ಏಜೆಂಟ್ ಸಾದಾ ಪಠ್ಯ ಕೊಡುತ್ತದೆ. ನಡುವಿನ ಕೋಡ್ ಅದನ್ನು ಎಚ್‌ಟಿಎಂಎಲ್ ಮಾಡುತ್ತದೆ. ಅಲ್ಲಿ ಪಠ್ಯದಲ್ಲಿ ಎಸ್ಕೇಪ್ ಮಾಡಬೇಕಾದ್ದು ಮೂರೇ ಚಿಹ್ನೆ. ಕೋಡ್ ಮಾಡಬಹುದಾದ ಕೆಲಸಕ್ಕೆ ದಾಖಲೆ ಬರೆಯುವುದು ದಂಡ.

ಅದೇ ಕತ್ತರಿ ಉಳಿದವಕ್ಕೂ ಬಿತ್ತು. 4,096 ಅಕ್ಷರ ಮೀರಿದರೆ ತುಂಡು ಮಾಡುವುದು, ಚಿತ್ರದ ಕೆಳಗಿನ ಬರಹ 1,024 ಮೀರಿದರೆ ಅದನ್ನು ಬೇರೆ ಸಂದೇಶವಾಗಿ ಕಳಿಸುವುದು, 429 (ಮಿತಿ ಮೀರಿದೆ ಎಂಬ ದೋಷ) ಬಂದರೆ ಅದರ ರಿಟ್ರೈ ಆಫ್ಟರ್‌ನಲ್ಲಿರುವಷ್ಟು ಸೆಕೆಂಡು ಕಾಯುವುದು ಎಲ್ಲ ಕೋಡ್‌ಗೆ ಹೋದವು. ಗುಂಪಿಗೆ ನಿಮಿಷಕ್ಕೆ 20 ಸಂದೇಶ ಎಂಬ ಮಿತಿ ಏಜೆಂಟ್‌ಗೆ ಗೊತ್ತಿರಬೇಕಾದ್ದೇನಿಲ್ಲ. ಕಾಯುವ ಕೆಲಸ ಅದಕ್ಕೆ ಕೊಟ್ಟರೆ ಕಾಯುವುದಿಲ್ಲ, "ಕಾದೆ" ಎಂದು ಹೇಳಿ ಮತ್ತೆ ಕಳಿಸುತ್ತದೆ.

ಸಂದೇಶ ಯಾರಿಗೆ ಎಂದು ಹೇಳುವ ಅಂಕಿ, ಚಾಟ್ ಐಡಿ, ಇನ್ನೊಂದು ಗುಂಡಿ. ಉದಾಹರಣೆಗೆಂದು ಬರೆದ ಅಂಕಿಯನ್ನೇ ಏಜೆಂಟ್ ನಿಜವೆಂದುಕೊಂಡು ಬಳಸಿತು. ಸೂಪರ್‌ಗ್ರೂಪ್ (ಟೆಲಿಗ್ರಾಂನ ದೊಡ್ಡ ಬಗೆಯ ಗುಂಪು) ಐಡಿಯ ಮೊದಲಿನ ಮೈನಸ್ ನುಂಗಿತು. ಈಗ ಅಂಕಿಗಳೇ ಇಲ್ಲ. "ತಂಡ", "ಎಚ್ಚರಿಕೆ" ಎಂಬಂಥ ನಾಲ್ಕು ಅಡ್ಡಹೆಸರು, ಈನಮ್ (ಇಷ್ಟರಲ್ಲೇ ಒಂದನ್ನು ಆರಿಸು ಎಂಬ ಪಟ್ಟಿ) ಆಗಿ. ಸಾದಾ ಗುಂಪು ಸೂಪರ್‌ಗ್ರೂಪ್ ಆದಾಗ ಐಡಿ ಬದಲಾಗುತ್ತದೆ, ಹೊಸದು ದೋಷದ ಉತ್ತರದಲ್ಲೇ ಬರುತ್ತದೆ. ಅದನ್ನು ಎತ್ತಿಕೊಳ್ಳುವುದೂ ಕೋಡ್‌ನ ಪಾಲು.

ಹೀಗೆ ತೆಗೆದೂ ತೆಗೆದೂ ಉಳಿದದ್ದು ಆರು ಸಾಲು, ಸುಮಾರು 250 ಟೋಕನ್. ಅದರಲ್ಲಿ ಎರಡು ಸಾಲು ಯಾವಾಗ ಕಳಿಸಬಾರದು ಎಂಬುದಕ್ಕೆ. ಆ ಎರಡು ಇಲ್ಲದಿದ್ದಾಗ ಪ್ರತಿ ಹೆಜ್ಜೆಗೂ "ಶುರು ಮಾಡಿದೆ", "ಮುಗಿಸಿದೆ" ಎಂದು ಗುಂಪು ತುಂಬಿಸುತ್ತಿತ್ತು.

ನಿಜವಾದ ದಾಖಲೆ ಇರುವುದು ಟೂಲ್ ಮರಳಿಸುವ ಉತ್ತರದಲ್ಲಿ. 403 (ಅನುಮತಿ ಇಲ್ಲ) ಎಂದಷ್ಟೇ ಕೊಟ್ಟರೆ ಏಜೆಂಟ್ ಮರುಯತ್ನ ಮಾಡುತ್ತದೆ. "ಈ ಬಳಕೆದಾರರು ಬಾಟನ್ನು ತಡೆದಿದ್ದಾರೆ ಅಥವಾ ಇನ್ನೂ ಶುರು ಮಾಡಿಲ್ಲ. ಮತ್ತೆ ಕಳಿಸಬೇಡ, ಕೆಲಸ ಕೊಟ್ಟವರಿಗೆ ತಿಳಿಸು" ಎಂದರೆ ನಿಲ್ಲುತ್ತದೆ. ಯಶಸ್ಸಿಗೂ ಇದೇ ಮಾತು: ಬರೀ ಜೇಸನ್ (ಎಪಿಐ ಕೊಡುವ ಕಚ್ಚಾ ಉತ್ತರ) ಬೇಡ, "ತಲುಪಿದೆ, ಮತ್ತೆ ಕಳಿಸಬೇಡ" ಎಂದಿರಲಿ. ಟೈಮ್‌ಔಟ್ ಆದಾಗ ಸಂದೇಶ ಹೋಗಿರಲೂಬಹುದು. ಒಂದೇ ಸಂದೇಶ ಎರಡು ಸಲ ಹೋಗದಂತೆ ತಡೆಯುವ ಕೀ (ಗುರುತು) ಸಂದೇಶ ಕಳಿಸುವ ಮೆಥಡ್ ಸೆಂಡ್ ಮೆಸೇಜ್‌ನಲ್ಲಿಲ್ಲ, ಕೋಡ್‌ನಲ್ಲಿ ನಾವೇ ಕಟ್ಟಬೇಕು. ಆ ಕೀಯನ್ನು ನಾನು ಯಾವುದರಿಂದ ಕಟ್ಟುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ; ಪಠ್ಯದ ಹ್ಯಾಶ್ (ಪಠ್ಯದಿಂದ ಲೆಕ್ಕ ಹಾಕಿದ ಗುರುತು) ಒಂದೇ ಸಾಲದು, ಏಜೆಂಟ್ ಪ್ರತಿ ಸಲ ಪದ ಬದಲಿಸುತ್ತದೆ.

ದೋಷದ ಉತ್ತರ ಬರೆಯುವಾಗ ಒಂದು ಎಚ್ಚರ: ಬಾಟ್ ಟೋಕನ್ (ಬಾಟಿನ ಗುಪ್ತಪದ, ಮೇಲೆ ಎಣಿಸಿದ ಟೋಕನ್ ಅಲ್ಲ) ಯುಆರ್‌ಎಲ್‌ನಲ್ಲೇ ಇರುತ್ತದೆ. ಎಚ್‌ಟಿಟಿಪಿ ಲೈಬ್ರರಿಯ ಎಕ್ಸೆಪ್ಶನ್ (ಯುಆರ್‌ಎಲ್ ಸಮೇತ ಬರಬಹುದಾದ ದೋಷ ವರದಿ) ಹಾಗೇ ಮರಳಿಸಿದರೆ ಏಜೆಂಟ್ ಅದನ್ನು ಗುಂಪಿಗೇ ಪ್ರಾಮಾಣಿಕವಾಗಿ ವರದಿ ಮಾಡುತ್ತದೆ. ಹಾಗಾದರೆ ಬಾಟ್‌ಫಾದರ್ (ಬಾಟ್‌ಗಳನ್ನು ನೋಡಿಕೊಳ್ಳುವ ಟೆಲಿಗ್ರಾಂನದೇ ಬಾಟ್) ಬಳಿ ಹೋಗಿ ಟೋಕನ್ ಬದಲಿಸುವುದೇ ದಾರಿ.

ನಡುವೆ ವಿವರಣೆಯನ್ನು ಕನ್ನಡದಲ್ಲೇ ಬರೆದು ನೋಡಿದೆ. ಏಜೆಂಟ್‌ಗೆ ಚೆನ್ನಾಗಿಯೇ ಅರ್ಥವಾಯಿತು, ಆದರೆ ಟೋಕನ್ ಮೂರು ಪಟ್ಟಿಗೂ ಮೇಲೆ ಹೋಯಿತು, ಇಂಗ್ಲಿಷಿಗೆ ಮರಳಿದೆ. ಸಂದೇಶದ ಕೆಳಗಿನ ಬಟನ್ ಮೇಲೆ ಕನ್ನಡ ಬರಬಹುದು, ಆದರೆ ಒತ್ತಿದಾಗ ಬಾಟ್‌ಗೆ ಮರಳುವ ಕಾಲ್‌ಬ್ಯಾಕ್ ಡೇಟಾ 64 ಬೈಟ್ ಮಾತ್ರ. ಕನ್ನಡದ ಒಂದೊಂದು ಕೋಡ್‌ಪಾಯಿಂಟ್‌ಗೂ (ಅಕ್ಷರ, ಕಾಗುಣಿತದ ಗುರುತು ತಲಾ ಒಂದು) 3 ಬೈಟ್, ಅಂದರೆ 21ಕ್ಕೇ ಮುಗಿಯಿತು.

ವಿವರಣೆ ಪರೀಕ್ಷಿಸಲು ಅಗ್ಗದ, ಚಿಕ್ಕ ಮಾಡೆಲ್ ಸಾಕು. ಅದಕ್ಕೇ ಅರ್ಥವಾದರೆ ದೊಡ್ಡದಕ್ಕೆ ಸಾಮಾನ್ಯವಾಗಿ ಆಗುತ್ತದೆ. ಇಪ್ಪತ್ತೈದು ಕೆಲಸ ಕೊಡಿ, ಅರ್ಧದಷ್ಟು ಸಂದೇಶವೇ ಕಳಿಸಬಾರದಂಥವು ಇರಲಿ.

ಗುಂಪಿನ ಸಂದೇಶ ಓದುವ ಟೂಲ್ ಇನ್ನೂ ಅರ್ಧಂಬರ್ಧ. ವೆಬ್‌ಹುಕ್ (ಹೊಸ ಸಂದೇಶವನ್ನು ಟೆಲಿಗ್ರಾಂ ತಾನೇ ನಮ್ಮ ಸರ್ವರ್‌ಗೆ ಕಳಿಸುವ ವ್ಯವಸ್ಥೆ) ಇದ್ದಾಗ ಅವನ್ನು ಕೇಳಿ ಪಡೆಯುವ ಗೆಟ್ ಅಪ್‌ಡೇಟ್ಸ್ ಕರೆದರೆ 409 ದೋಷ, ಅದು ಸುಲಭದ್ದು. ಗುಂಪಿನಲ್ಲಿ ಯಾರೋ ಬರೆದದ್ದನ್ನು ಏಜೆಂಟ್ ಆಜ್ಞೆಯೆಂದು ಪಾಲಿಸುವುದು ಕಷ್ಟದ್ದು. "ಇದು ಮಾಹಿತಿ, ಆಜ್ಞೆಯಲ್ಲ" ಎಂಬ ಸಾಲು ಹೆಚ್ಚಿನ ಸಲ ಕೆಲಸ ಮಾಡುತ್ತದೆ, ಎಲ್ಲ ಸಲ ಅಲ್ಲ. ಅದಕ್ಕೇ ಓದುವ ಏಜೆಂಟ್‌ಗೆ ಕಳಿಸುವ ಟೂಲ್ ಸದ್ಯ ಕೊಟ್ಟಿಲ್ಲ.